ವಿಮಾನ ಹತ್ತದ ಮಡಿಲಕ್ಕಿ

ಟೇಪ್ ಸುತ್ತಲು ಯಾರಿಗೆ ಬೇಕಾದರೂ ಬರುತ್ತದೆ. ಈ ಮಾತನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ನನ್ನ ತಂಗಿಯ ಮಗಳು ರಮ್ಯಾ ಮೊನ್ನೆ ಮನೆಗೆ ಬಂದವಳು ಅದನ್ನೇ ಅಂದಳು. ಅವಳು ದೇವನಹಳ್ಳಿ ಕಡೆ ಒಂದು ಪಾರ್ಸೆಲ್ ಕಂಪನಿಗೆ ಹೊಸದಾಗಿ ಸೇರಿದ್ದಾಳೆ. "ಏನ್ ಮಾವಾ, ಡಬ್ಬಕ್ಕೆ ಹಾಕು, ಟೇಪ್ ಸುತ್ತು, ಸ್ಟಿಕರ್ ಅಂಟಿಸು. ಇಷ್ಟಕ್ಕೆ ಇಡೀ ಜೀವನ ಕಳೆದ್ಯಾ?" ಎಂದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಮನೆಗೆ ಬಂದು ಕಾಫಿ ಕುಡಿಯುತ್ತಿರುವ ಹುಡುಗಿಯ ಮೇಲೆ ರೇಗುವುದು ಬೇಡವೆಂದು ಸುಮ್ಮನಾದೆ. ಅವಳು ಹೋದ ಮೇಲೆ, ಹೇಳಬೇಕಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬರತೊಡಗಿದವು. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ. ಬಡ್ತಿ, ಸಂಬಳದ ಕಥೆ ಇದರಲ್ಲಿಲ್ಲ. ನನ್ನ ವಿಷಯದಲ್ಲಿ ಅದು ಹೇಳಿಕೊಳ್ಳುವಂಥದ್ದೂ ಅಲ್ಲ.

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಔಷಧಿ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಇದ್ದದ್ದು ನಮ್ಮ ಪಾರ್ಸೆಲ್ ಅಂಗಡಿ. ಹೊರದೇಶದಲ್ಲಿರುವ ಮನೆಯವರಿಗೆ ಉಡುಗೊರೆ ಕಳಿಸುವವರೇ ನಮ್ಮ ಗಿರಾಕಿಗಳು. ಗಲ್ಫಿನಲ್ಲಿ ಡ್ರೈವರ್ ಆಗಿರುವ ಗಂಡನಿಗೆ ಹೆಂಡತಿ ಕಳಿಸುವ ಚಟ್ನಿಪುಡಿ, ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಅಕ್ಕನಿಗೆ ತಮ್ಮ ಕಳಿಸುವ ಹಬ್ಬದ ಸೀರೆ, ಮೊಮ್ಮಗುವಿಗೆ ಅಜ್ಜಿ ಕಳಿಸುವ ಕುಲಾವಿ, ಕಾಲ್ಗೆಜ್ಜೆ. ನಾನು ಅಲ್ಲಿಗೆ ಬರುವ ಮೊದಲು ಮಗ್ಗದವರ ಬಳಿ ಸೀರೆ ಮಡಿಸುವ ಕೆಲಸದಲ್ಲಿದ್ದೆ. ಮಗ್ಗಗಳ ಸದ್ದಿನಿಂದ ಕಿವಿ ಮಂದವಾಗತೊಡಗಿದಾಗ, ಎಲ್ಲಾದರೂ ಮೆತ್ತಗಿನ ಕೆಲಸ ಸಿಕ್ಕರೆ ಸಾಕೆಂದು ಹುಡುಕಿಕೊಂಡು ಹೋದದ್ದು ಸರೋಜಮ್ಮ ಮೇಡಂ ಅವರ ಅಂಗಡಿಗೆ.

ಸರೋಜಮ್ಮ ಮೇಡಂ ಅಂಗಡಿಯ ಮಾಲೀಕರು. ಗಂಡ ಶುರುಮಾಡಿದ ಅಂಗಡಿ. ಅವರು ತೀರಿಕೊಂಡಾಗ ಮೇಡಂ ಇನ್ನೂ ಚಿಕ್ಕ ವಯಸ್ಸಿನವರು. ಮಕ್ಕಳಿರಲಿಲ್ಲ. ಮಾರಿಬಿಡು ಎಂದು ನೆಂಟರೆಲ್ಲ ಹೇಳಿದರಂತೆ. ಮೇಡಂ ಮಾರಲಿಲ್ಲ, ಶಟರ್ ತೆಗೆದು ಕೂತರು. ಎತ್ತರದ ಆಳು, ದೊಡ್ಡ ದನಿ, ಹಣೆಗೆ ಸಣ್ಣದೊಂದು ಕಪ್ಪು ಬೊಟ್ಟು. ಅವರ ಬಾಯಿಗೆ ನಾವೆಲ್ಲ ಹೆದರುತ್ತಿದ್ದೆವು. ಆದರೆ ನಾನು ಕಂಡ ಜನರಲ್ಲಿ ಅವರಷ್ಟು ಗೌರವ ನನಗೆ ಬೇರೆ ಯಾರ ಮೇಲೂ ಇಲ್ಲ.

ಕೆಲಸ ಕೇಳಿದ ದಿನ ಅವರು ನನ್ನ ಮುಂದೆ ಒಂದು ಸೀರೆ ಹಾಕಿ, "ಮಡಿಸಿ ನೋಡೋಣ" ಎಂದರು. ಇದೇನು ಮಹಾ ಎಂದುಕೊಂಡು ಮಗ್ಗದ ಲೆಕ್ಕದಲ್ಲಿ ಬಾರ್ಡರು ಎದ್ದು ಕಾಣುವಂತೆ ಪಟಪಟನೆ ಮಡಿಸಿ ಕೊಟ್ಟೆ. ಮೇಡಂ ಅದನ್ನು ತಿರುಗಿಸಿ ನೋಡಿದರು.

"ಚೆನ್ನಾಗಿದೆ. ಆದ್ರೆ ಇದು ಸೀರೆ ಕೊಳ್ಳೋಕೆ ಬಂದೋರು ನೋಡೋ ಮಡಿಕೆ. ನಮ್ಮಲ್ಲಿ ಕೊಳ್ಳೋರು ಆ ಕಡೆ ಇರಲ್ಲ ಕಣಯ್ಯಾ. ಆ ಕಡೆ ಬಿಚ್ಚೋರು ಯಾರು? ಅದನ್ನ ಮೊದಲು ಕೇಳ್ಕೋ, ಆಮೇಲೆ ಮಡಿಸು" ಎಂದರು.

ಆಗ ನನಗೆ ಈ ಮಾತು ಅತಿಯೆನಿಸಿತು. ಬಿಚ್ಚುವವರು ಯಾರಾದರೇನು, ಸೀರೆ ಸೀರೆಯೇ ಅಲ್ಲವೇ? ಆದರೆ ಅಂಗಡಿಯಲ್ಲಿ ಎಲ್ಲ ಕೆಲಸವೂ ಆ ಪ್ರಶ್ನೆಯಿಂದಲೇ ಶುರುವಾಗುತ್ತಿತ್ತು. ಗಿರಾಕಿ ಒಳಗೆ ಬಂದು ಚೀಲ ಕೆಳಗಿಟ್ಟ ಕೂಡಲೇ ಮೇಡಂ ಕೇಳುತ್ತಿದ್ದುದು ಯಾವ ದೇಶ ಎಂದಲ್ಲ, ಎಷ್ಟು ತೂಕ ಎಂದೂ ಅಲ್ಲ. "ಬಿಚ್ಚೋರು ಯಾರಮ್ಮಾ?" ಎಂದೇ. ಮಗು ಬಿಚ್ಚುತ್ತದೆ ಎಂದರೆ ಆಟದ ಸಾಮಾನು ಎಲ್ಲಕ್ಕಿಂತ ಮೇಲೆ ಬರಬೇಕು. ಮಗು ಮೊದಲು ಮೆಂತ್ಯದ ಪುಡಿ ಕಂಡರೆ ಅಜ್ಜಿಯ ಡಬ್ಬದ ಕಡೆ ಮತ್ತೆ ತಿರುಗಿಯೂ ನೋಡುವುದಿಲ್ಲ ಎನ್ನುವುದು ಅವರ ವಾದ. ಹಾಗಾಗಿ ನಾವು ಕೊನೆಯಿಂದ ಮೊದಲಿಗೆ ತುಂಬುತ್ತಿದ್ದೆವು. ಎಲ್ಲ ಸಾಮಾನನ್ನೂ ಮೇಜಿನ ಮೇಲೆ ಹರಡಿ, ಅವರು ಬಿಚ್ಚುವಾಗ ಯಾವುದು ಯಾವುದರ ನಂತರ ಕೈಗೆ ಸಿಗಬೇಕೆಂದು ಯೋಚಿಸಿ, ಅದಕ್ಕೆ ತಲೆಕೆಳಗಾಗಿ ಇಡುವುದು. ಒಡೆಯುವಂಥದ್ದು ನಡುವೆ, ಸೋರುವಂಥದ್ದು ತಳದಲ್ಲಿ ಎನ್ನುವುದನ್ನು ಎಲ್ಲರೂ ಕಲಿಸುತ್ತಾರೆ. ಈ ತಲೆಕೆಳಗಿನ ವಿದ್ಯೆಯನ್ನು ನನಗೆ ಕಲಿಸಿದ್ದು ಮೇಡಂ ಒಬ್ಬರೇ.

ಒಮ್ಮೆ ದೊಡ್ಡಬೆಳವಂಗಲ ಕಡೆಯಿಂದ ಒಬ್ಬಾಕೆ ಬಂದಳು. ಗಂಡ ಕುವೈತಿನಲ್ಲಿ ಲಾರಿ ಓಡಿಸುತ್ತಾನೆ. ಒಂದು ದೊಡ್ಡ ಡಬ್ಬಿಯ ತುಂಬ ನಿಪ್ಪಟ್ಟು ತಂದಿದ್ದಳು. ಮೇಡಂ ಎಂದಿನಂತೆ ಕೇಳಿದರು. "ಇನ್ಯಾರು, ನಮ್ಮೆಜಮಾನ್ರೇ ಬಿಚ್ಚೋದು" ಎಂದಳು.

"ಒಬ್ಬರೇ ಇರ್ತಾರಾ ರೂಮಲ್ಲಿ?"

"ಇಲ್ಲ ಮೇಡಂ, ಏಳೆಂಟು ಜನ ಇದ್ದಾರಂತೆ. ಆಂಧ್ರದೋರು, ಕೇರಳದೋರು ಎಲ್ಲಾ."

"ಹಂಗಾದ್ರೆ ಬಿಚ್ಚೋರು ಏಳೆಂಟು ಜನ ಅನ್ನು. ಒಂದೇ ಡಬ್ಬೀಲಿ ಕಳಿಸಿದ್ರೆ ನಿಮ್ಮೆಜಮಾನ್ರು ಕೈ ಹಾಕೋ ಹೊತ್ತಿಗೆ ತಳದಲ್ಲಿ ಪುಡಿ ಉಳಿದಿರುತ್ತೆ. ಪಾಪ, ಬೇಡ ಅಂತ ಹೇಳೋಕೂ ಆಗಲ್ಲ ಅವರಿಗೆ."

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಮೇಡಂ ಅಲ್ಲೇ ಕೂತು ನಿಪ್ಪಟ್ಟನ್ನೆಲ್ಲ ಸಣ್ಣ ಸಣ್ಣ ಕವರುಗಳಿಗೆ ಹಂಚಿ ಹಾಕಿಸಿದರು. ಆ ಕವರುಗಳೆಲ್ಲ ಮೇಲಕ್ಕೆ. ತಳದಲ್ಲಿ, ಎರಡು ಅಂಗಿಗಳ ಮಡಿಕೆಯ ಒಳಗೆ, ಗಂಡನಿಗೆಂದೇ ಒಂದು ದೊಡ್ಡ ಕವರು. ಸ್ವಲ್ಪ ದಿನದ ನಂತರ ಆಕೆ ಮತ್ತೆ ಬಂದವಳು, "ಅಂಗಿ ಹಾಕ್ಕೊಳ್ಳೋಕೆ ಹೋದಾಗ ಸಿಕ್ತಂತೆ ಮೇಡಂ. ಫೋನಲ್ಲಿ ಅತ್ತೇಬಿಟ್ರು" ಎಂದಳು. ಆ ದಿನ ಮೇಡಂ ಎಲ್ಲರಿಗೂ ಕಾಫಿ ತರಿಸಿದರು. ನಾನು ಅವರ ಪ್ರಶ್ನೆಯನ್ನು ಅತಿಯೆಂದುಕೊಳ್ಳುವುದನ್ನು ಬಿಟ್ಟದ್ದು ಅಂದಿನಿಂದ.

ನಾನು ಸೇರಿದ ಕಾಲದಲ್ಲಿ ಪಾರ್ಸೆಲ್ ಎಂದರೆ ಬಿಳಿ ಬಟ್ಟೆಯಲ್ಲಿ ಹೊಲಿದ ಗಂಟು. ಗೋಣಿ ದಬ್ಬಳದಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಕಾಯಿಸಿ ಸುರಿದು ಮುದ್ರೆ ಒತ್ತುತ್ತಿದ್ದೆವು. ಬೆರಳ ತುದಿಯೆಲ್ಲ ಸುಟ್ಟ ಕಲೆ. ಆಮೇಲೆ ರಟ್ಟಿನ ಡಬ್ಬ ಬಂತು, ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಬಂತು, ವಿಳಾಸ ಬರೆಯುವ ಬದಲು ಮೆಷಿನ್ನಿನಿಂದ ಸ್ಟಿಕರ್ ಬಂತು. ಈಗಂತೂ ಡಬ್ಬ ಎಲ್ಲಿದೆಯೆಂದು ಫೋನೇ ಹೇಳುತ್ತದೆ. ಇದರಿಂದ ಒಳ್ಳೆಯದಾಯಿತೆಂದು ಎಲ್ಲರೂ ಹೇಳುತ್ತಾರೆ. ಆದದ್ದು ನಿಜ. ಆದರೆ ನಮ್ಮ ತಲೆನೋವು ಕಡಿಮೆಯಾಗಲಿಲ್ಲ. ಐರ್ಲೆಂಡಿನ ಅಕ್ಕನಿಗೆ ಸೀರೆ ಕಳಿಸಿದ್ದ ತಮ್ಮ ಒಂದು ಬೆಳಗ್ಗೆ ಓಡಿಬಂದ.

"ಸಾರ್, ಡಬ್ಬ ದುಬೈಗೆ ಹೋಗ್ಬಿಟ್ಟಿದೆ! ಫೋನಲ್ಲಿ ತೋರಿಸ್ತಿದೆ. ಅಲ್ಲಿ ನಮ್ಮೋರು ಯಾರೂ ಇಲ್ವಲ್ಲ ಸಾರ್!"

ವಿಮಾನ ಬದಲಾಯಿಸಲು ಅಲ್ಲಿ ಇಳಿದಿರುತ್ತದೆ ಎಂದು ಎಷ್ಟು ಹೇಳಿದರೂ ಅವನ ಮುಖ ಸರಿಹೋಗಲಿಲ್ಲ. ಕೊನೆಗೆ ನಾನೇ ರೇಗಿ, "ನಿನ್ನಕ್ಕ ಹೋಗುವಾಗಲೂ ಅಲ್ಲೇ ಇಳಿದು ಹತ್ತಿದ್ದು ಕಣಪ್ಪಾ, ಕೇಳು ಬೇಕಾದ್ರೆ!" ಎಂದೆ. ಆಗ ಸಮಾಧಾನವಾಯಿತು. ಅಕ್ಕ ಹೋದ ದಾರಿಯಲ್ಲೇ ಸೀರೆಯೂ ಹೋಗುತ್ತಿದೆ ಎಂದಮೇಲೆ ಹೆದರಿಕೆಯೇನು? ಅವನು ನಗುನಗುತ್ತಾ ಹೋದ. ನನಗೆ ಅವನ ಮೇಲೆ ಬಂದಿದ್ದ ಸಿಟ್ಟೂ ಹೋಯಿತು.

ವಿಮಾನ ನಿಲ್ದಾಣ ನಮ್ಮ ಪಕ್ಕದಲ್ಲೇ ಆದದ್ದೂ ಒಂದು ತಮಾಷೆ. ದೇವನಹಳ್ಳಿಯಿಂದ ಎದ್ದ ವಿಮಾನಗಳು ನಮ್ಮ ಹೊಲಗಳ ಮೇಲೆಯೇ ಹಾರುತ್ತವೆ. ಡಬ್ಬ ಕೊಟ್ಟುಹೋದ ದಿನ ಸಂಜೆಯೇ ಕೆಲವರು ಫೋನ್ ಮಾಡಿ, "ಈಗ ನಮ್ಮ ತೋಟದ ಮೇಲೆ ಒಂದು ಹೋಯ್ತು ಸಾರ್, ನಮ್ದು ಅದರಲ್ಲೇ ಇದೆಯಾ?" ಎಂದು ಕೇಳುತ್ತಿದ್ದರು. ನಾನು "ಇಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದೆ. ಮೇಡಂ ಮಾತ್ರ, "ಇರಬಹುದಪ್ಪಾ, ಯಾರು ಕಂಡರು?" ಎನ್ನುತ್ತಿದ್ದರು. ಸುಳ್ಳು ಹೇಳುತ್ತೀರಲ್ಲ ಎಂದು ನಾನು ಅಂದರೆ, "ಸುಳ್ಳೆಲ್ಲಿ ಬಂತು? ಇರಬಹುದು ಅಂದೆ ಅಷ್ಟೇ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಹಾಗೆಂದು ಮೇಡಂ ಎಡವಿದ್ದೇ ಇಲ್ಲವೆಂದಲ್ಲ. ಸಾಸಿವೆ ದಿಂಬಿನ ಪ್ರಸಂಗವನ್ನು ಹೇಳದೆ ಹೋದರೆ ಅವರೇ ನನ್ನನ್ನು ಬಯ್ದಾರು.

ಹುಟ್ಟಿದ ಮಗುವಿನ ತಲೆ ಗುಂಡಗೆ ಕೂರಲೆಂದು ಸಾಸಿವೆ ತುಂಬಿದ ಪುಟ್ಟ ದಿಂಬಿನ ಮೇಲೆ ಮಲಗಿಸುವುದು ನಮ್ಮ ಕಡೆಯ ಪದ್ಧತಿ. ನಮ್ಮ ತಾಲ್ಲೂಕಿನದೇ ಮಧುರೆ ಊರಿನ ಒಬ್ಬ ಅಜ್ಜಿ ಆಸ್ಟ್ರೇಲಿಯಾದಲ್ಲಿದ್ದ ಮೊಮ್ಮಗಳ ಮಗುವಿಗೆ ಹಳೇ ಪಂಚೆಯ ಮೆತ್ತನೆ ಬಟ್ಟೆಯಲ್ಲಿ ಅಂಥದೊಂದು ದಿಂಬು ಹೊಲಿದು ತಂದಿತು. ಮೇಡಂ ಅದನ್ನು ಕೈಯಲ್ಲಿ ಹಿಡಿದು, ಕೆನ್ನೆಗೆ ಒತ್ತಿ ನೋಡಿ, ದಿಂಬು ಎಂದೇ ಬರೆಸಿ ಕಳಿಸಿದರು. ಆ ದೇಶದವರಿಗೆ ಹೊರಗಿನ ಬೀಜವೆಂದರೆ ಆಗದು ಎನ್ನುವುದು ನಮಗೆಲ್ಲ ಗೊತ್ತಿತ್ತು. ಹುರುಳಿ ಬೇಡ, ಅವರೆಕಾಳು ಬೇಡ ಎಂದು ದಿನವೂ ಗಿರಾಕಿಗಳಿಗೆ ಹೇಳುತ್ತಿದ್ದವರು ನಾವೇ. ಆದರೆ ದಿಂಬು ದಿಂಬಾಗಿಯೇ ಕಂಡಿತೇ ಹೊರತು ಅದರೊಳಗಿನ ಸಾಸಿವೆ ಬಿತ್ತನೆಯ ಬೀಜ ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ. ಅಲ್ಲಿನವರ ಸ್ಕ್ಯಾನರಿಗೆ ಹೊಳೆಯಿತು. ದಿಂಬಿನ ಜೊತೆ ಅದರ ಸುತ್ತ ಇದ್ದ ಕುಲಾವಿ, ಅಂಗಿ ಎಲ್ಲವನ್ನೂ ನಾಶಮಾಡಿದ್ದೇವೆಂದು ಸಂದೇಶ ಬಂತು.

ಫೋನಿನಲ್ಲಿ ಹೇಳಿಬಿಡೋಣ ಎಂದೆ ನಾನು. ಮೇಡಂ ಒಪ್ಪಲಿಲ್ಲ. ಬಸ್ಸು ಹತ್ತಿ ಮಧುರೆಗೆ ಹೋದರು. ನನ್ನನ್ನೂ ಎಳೆದುಕೊಂಡು ಹೋದರು. ಅಜ್ಜಿ ಜಗಲಿಯ ಮೇಲೆ ಕೂತಿತ್ತು. ಮೇಡಂ ನಡೆದದ್ದನ್ನು ನಡೆದಂತೆ ಹೇಳಿ, "ತಪ್ಪು ನಂದೇ ಅಜ್ಜಿ" ಎಂದರು.

"ಅಷ್ಟು ದೊಡ್ಡ ದೇಶ, ನಮ್ಮ ಒಂದು ಹಿಡಿ ಸಾಸಿವೆಗೆ ಹೆದರ್ಕೊಂಬಿಡ್ತಾ?" ಎಂದಿತು ಅಜ್ಜಿ.

ನಾವು ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದೆವು. ಅಜ್ಜಿ ಎದ್ದು ಒಳಗೆ ಹೋಗಿ ಇನ್ನೊಂದು ಪಂಚೆ ತಂದಿತು. ಮತ್ತೊಂದು ದಿಂಬಿನ ಚೀಲ ಹೊಲಿಯಿತು. ಈ ಸಲ ಒಂದು ಪಕ್ಕ ಹೊಲಿಯದೆ ಬಿಟ್ಟು ಲಾಡಿ ಹಾಕಿತು. ಬರೀ ಚೀಲ ಕಳಿಸಿ, ಸಾಸಿವೆಯನ್ನು ಮೊಮ್ಮಗಳು ಅಲ್ಲೇ ಅಂಗಡಿಯಲ್ಲಿ ಕೊಂಡು ತುಂಬಿಕೊಳ್ಳಲಿ ಎಂದಿತು. ಮಗುವಿನ ತಲೆಗೆ ಸಾಸಿವೆ ಯಾವೂರದಾದರೇನು ಎಂದು ಅದರ ವಾದ. ನಾವು ಓದಿದವರು, ದಿನವೂ ಇದೇ ಕೆಲಸ ಮಾಡುವವರು ಎನ್ನುವ ಜಂಬ ನನಗೆ ಅಂದು ಸ್ವಲ್ಪ ಇಳಿಯಿತು. ಆಮೇಲೆ ಮೇಡಂ ಹೊಸ ಪದ್ಧತಿ ಶುರುಮಾಡಿದರು. ಬಂದ ಪ್ರತಿಯೊಂದು ಸಾಮಾನನ್ನೂ ಒಮ್ಮೆ ಒತ್ತಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡುವುದು. ನನ್ನ ಕಿವಿ ಮಂದ, ಆದ್ದರಿಂದ ಆ ಕೆಲಸ ಅವರದೇ.

ಇನ್ನು ಹೇಳಬೇಕಾದದ್ದು ತೂಬಗೆರೆಯ ಲಕ್ಷ್ಮೀದೇವಿಯ ವಿಷಯ. ಈ ಬರಹವನ್ನು ನಾನು ಶುರುಮಾಡಿದ್ದೇ ಇದಕ್ಕಾಗಿ ಎಂದರೂ ಸರಿ.

ಲಕ್ಷ್ಮೀದೇವಿ ಗಂಡನ ಜೊತೆ ಒಂದು ಬೆಳಗ್ಗೆ ಅಂಗಡಿಗೆ ಬಂದಳು. ಗಂಡ ಮುನಿರಾಜು ಹೂವಿನ ತೋಟ ಮಾಡಿಕೊಂಡಿರುವವನು, ಮಾತು ಕಡಿಮೆ. ಮೇಡಂ ಕೇಳಿದರು. ಬಿಚ್ಚುವವಳು ನಾದಿನಿ ಸವಿತಾ, ನ್ಯೂಜಿಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು, ಈಗ ಏಳು ತಿಂಗಳ ಬಸುರಿ ಎಂದಳು ಲಕ್ಷ್ಮೀದೇವಿ. ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟಳು. ಹಸಿರು ರೇಷ್ಮೆ ಸೀರೆ, ರವಿಕೆಯ ಕಣ, ಎರಡು ಡಜನ್ ಹಸಿರು ಗಾಜಿನ ಬಳೆ. ಅಲ್ಲಿಯವರೆಗೆ ಸರಿ. ಆಮೇಲೆ ಅಕ್ಕಿಯ ಗಂಟು, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು, ಅರಿಶಿನ ಕುಂಕುಮ. ಸೀಮಂತದ ಮಡಿಲಕ್ಕಿ. ತವರಿನವರು ಬಸುರಿಯ ಸೆರಗಿಗೆ ತುಂಬಿ ಕಟ್ಟುವಂಥದ್ದು.

ನಾನು ಬಾಯಿ ಬಿಟ್ಟೆ. "ಇದ್ಯಾವುದೂ ಹೋಗಲ್ಲಮ್ಮ. ಸೀರೆ, ಬಳೆ, ಕಣ ಅಷ್ಟೇ. ಮನೆಯಿಂದ ತಂದ ಬಿಡಿ ಅಕ್ಕಿನ ಆ ದೇಶಕ್ಕೆ ನಾವು ತಗೊಳ್ಳೋ ಹಂಗಿಲ್ಲ."

"ಅಕ್ಕಿ ಇಲ್ದೆ ಮಡಿಲು ತುಂಬೋದು ಹೆಂಗೆ ಸಾರ್?"

"ಹೆಂಗೋ ನಂಗೊತ್ತಿಲ್ಲ. ರೂಲ್ಸು ಹಂಗಿದೆ."

ಅವಳು ಅಕ್ಕಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಮೇಡಂ ನನ್ನ ಕಡೆ ಒಂದು ನೋಟ ನೋಡಿ, ಅವಳಿಗೆ ಕುರ್ಚಿ ಎಳೆದು ಕೊಟ್ಟರು. ಕೂತ ಮೇಲೆ ಅವಳು ಹೇಳಿದ್ದಿಷ್ಟು. ಅವಳು ಸೊಸೆಯಾಗಿ ಬಂದ ವರ್ಷವೇ ಅತ್ತೆ ತೀರಿಕೊಂಡರು. ಸವಿತಾ ಆಗ ಇನ್ನೂ ಸ್ಕೂಲಿಗೆ ಹೋಗುವ ಹುಡುಗಿ. ಅಂದಿನಿಂದ ಅವಳಿಗೆ ಜಡೆ ಹೆಣೆದದ್ದು, ಬುತ್ತಿ ಕಟ್ಟಿದ್ದು, ನರ್ಸಿಂಗ್ ಓದಿಸಲೇಬೇಕು ಎಂದು ಗಂಡನ ಹತ್ತಿರ ಹಟ ಹಿಡಿದದ್ದು, ಮದುವೆಯಲ್ಲಿ ಧಾರೆಗೆ ನಿಂತದ್ದು ಎಲ್ಲ ಲಕ್ಷ್ಮೀದೇವಿಯೇ. ಈಗ ಅಲ್ಲಿರುವ ಕನ್ನಡದವರು ಸೇರಿ ಸವಿತಾಳಿಗೆ ಸೀಮಂತ ಮಾಡುತ್ತಾರಂತೆ. ಫೋನಿನಲ್ಲಿ ಮಾತಾಡುವಾಗ ಯಾರೋ ಪಕ್ಕದಲ್ಲಿ ನಿಂತು, ಮಡಿಲಕ್ಕಿ ತವರಿಂದ ಬರಬೇಕಲ್ಲ ಎಂದರಂತೆ. ಅದಕ್ಕೆ ಸವಿತಾ, ನನಗೆ ಅಮ್ಮ ಇಲ್ವಲ್ಲ, ನೀವೇ ಯಾರಾದ್ರೂ ಹಾಕಿ ಎಂದಳಂತೆ. ಅತ್ತಿಗೆಗೆ ಕೇಳಿಸಿತೆಂದು ಅವಳಿಗೆ ಗೊತ್ತಿಲ್ಲ.

"ಅವಳು ನನ್ನನ್ನ ಮರೆತು ಅಂದಿದ್ದಲ್ಲ ಮೇಡಂ. ಅಷ್ಟು ದೂರಕ್ಕೆ ಕೇಳೋದು ಹೆಂಗೆ ಅಂತ ಸಂಕೋಚ. ಆದ್ರೂ ತವರಿಲ್ಲ ಅನ್ನೋ ಮಾತು ಅವಳ ಬಾಯಲ್ಲಿ ಬರಬಾರ್ದಿತ್ತು. ನಾನು ಬದುಕಿದೀನಲ್ಲ" ಎಂದಳು ಲಕ್ಷ್ಮೀದೇವಿ.

ಅತ್ತಿಗೆ ನಾದಿನಿ ಎಂದರೆ ಜಗಳಕ್ಕೇ ಹುಟ್ಟಿದವರು ಎನ್ನುವ ಮಾತನ್ನು ಕೇಳಿ ಬೆಳೆದವನು ನಾನು. ರೂಲ್ಸು ಎಂದು ಗದರಿಸಿದ್ದಕ್ಕೆ ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಮೇಡಂ ಬಳೆಯ ಡಬ್ಬಿಯನ್ನು ಎಂದಿನಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅವರ ಮುಖ ಬದಲಾಯಿತು. ಮುಚ್ಚಳ ತೆಗೆದು, ಬಳೆಗಳ ನಡುವಿನ ಹತ್ತಿಯನ್ನು ಬಿಡಿಸಿದರೆ ಒಳಗೆ ಒಂದು ಸಣ್ಣ ಪೊಟ್ಟಣ, ಅದರಲ್ಲಿ ಅಕ್ಕಿ. ಲಕ್ಷ್ಮೀದೇವಿ ಬೆಚ್ಚಿ ಗಂಡನ ಕಡೆ ನೋಡಿದಳು. ಮುನಿರಾಜು ತಲೆ ತಗ್ಗಿಸಿದ. "ಒಂದ್ ಹಿಡಿ ಯಾರಿಗೆ ಕಾಣುತ್ತೆ ಅಂತ..." ಎಂದ.

ಮೇಡಂ ದನಿ ಅಂಗಡಿಯ ಹೊರಗೂ ಕೇಳಿಸಿತು. "ಕಾಣುತ್ತಪ್ಪಾ! ಕಂಡ್ರೆ ಸೀರೆ, ಬಳೆ ಎಲ್ಲಾ ಸೇರಿಸಿ ಹಾಳುಮಾಡ್ತಾರೆ. ಆಮೇಲೆ ನಿನ್ನ ತಂಗಿಗೆ ಹೋಗೋದೇನು? ತವರಿಂದ ಏನೂ ಬರಲಿಲ್ಲ ಅನ್ನೋ ಮಾತು!"

ಮೇಡಂ ಸ್ವಲ್ಪ ತಣ್ಣಗಾಗಿ, ಮಧುರೆ ಅಜ್ಜಿಯ ದಿಂಬಿನ ಕಥೆ ಹೇಳಿದರು. ಸೀರೆ ಇಲ್ಲಿಂದ ಹೋಗಲಿ, ಅಕ್ಕಿಯನ್ನು ಅಲ್ಲೇ ಕೊಂಡು ಆ ಸೆರಗಿಗೆ ಹಾಕಿಸಿಕೊಳ್ಳಲಿ ಎಂದರು. ಒಳ್ಳೆಯ ದಾರಿಯೇ. ಲಕ್ಷ್ಮೀದೇವಿ ಅಡ್ಡಡ್ಡ ತಲೆಯಾಡಿಸಿದಳು.

"ಅದು ಅಂಗಡಿ ಅಕ್ಕಿ ಮೇಡಂ. ತವರಕ್ಕಿ ಹೆಂಗಾಗುತ್ತೆ?"

ಇಲ್ಲಿ ಮುನಿರಾಜು ಮೆಲ್ಲಗೆ, "ನಮ್ಮದೂ ಅಂಗಡಿ ಅಕ್ಕೀನೇ ಅಲ್ವಾ? ನಾವು ಬೆಳೆಯೋದು ರಾಗಿ, ಹೂವು" ಎಂದ. ನಿಜ ಹೇಳಿದ, ಆದರೆ ಹೇಳಬಾರದ ಹೊತ್ತಿನಲ್ಲಿ ಹೇಳಿದ. ನಾನು ನಗು ತಡೆದುಕೊಂಡೆ.

"ತಂದಿದ್ದು ಅಂಗಡಿಯಿಂದಾನೇ. ಆದ್ರೆ ಹಾಕೋ ಕೈ ನಂದು" ಎಂದಳು ಲಕ್ಷ್ಮೀದೇವಿ.

ಯಾವ ಗಿರಾಕಿಗೂ ಮಾತಿಗೆ ಮಾತು ಕೊಡುತ್ತಿದ್ದ ಮೇಡಂ ಅಂದು ತಲೆದೂಗಿದರು. ಡಬ್ಬದಲ್ಲಿ ಏನನ್ನೆಲ್ಲ ಇಡಲು ಬಂದರೂ ಕೈಯನ್ನು ಇಡಲು ಬರುವುದಿಲ್ಲವಲ್ಲ. ಲಕ್ಷ್ಮೀದೇವಿಯೇ ಗಂಡನ ಕೈಯಿಂದ ಫೋನ್ ತೆಗೆದುಕೊಂಡು ಸವಿತಾಳಿಗೆ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಆಗಲೇ ಸಂಜೆ. ಸವಿತಾ ಡ್ಯೂಟಿ ಮುಗಿಸಿ ಮನೆಯಲ್ಲಿದ್ದಳು. ದುಂಡಗಿನ ಮುಖ, ದಣಿದ ಕಣ್ಣು. ವಿಡಿಯೋದಲ್ಲಿ ಅಣ್ಣ, ಅತ್ತಿಗೆ ಇಬ್ಬರೂ ಒಂದು ಅಂಗಡಿಯಲ್ಲಿ ನಿಂತಿರುವುದನ್ನು ಕಂಡು ಗಾಬರಿಯಾದಳು.

"ಏನಿಲ್ಲ ಕಣೇ. ಅಕ್ಕಿ ಬರಲ್ವಂತೆ ಅಲ್ಲಿಗೆ. ಅದಕ್ಕೇ ಇಲ್ಲೇ ಹಾಕ್ತೀನಿ. ನೀನು ನೋಡು" ಎಂದಳು ಲಕ್ಷ್ಮೀದೇವಿ.

"ಇಲ್ಲೇ ಅಂದ್ರೆ? ಯಾರ ಮಡಿಲಿಗೆ ಅತ್ತಿಗೆ?"

ಅದನ್ನು ನಾವು ಯಾರೂ ಯೋಚಿಸಿರಲಿಲ್ಲ. ಹುಡುಗಿಯ ಬದಲಿಗೆ ಸೆರಗು ಒಡ್ಡಿ ನಿಲ್ಲಲು ಒಬ್ಬ ಹೆಂಗಸು ಬೇಕು. ನನಗೆ ನನ್ನ ಹೆಂಡತಿಯ ನೆನಪಾಗಿ, "ಹತ್ತಿರದಲ್ಲೇ ಮನೆ, ನಮ್ಮೋಳನ್ನ ಕರೀಲಾ?" ಎಂದೆ. ಲಕ್ಷ್ಮೀದೇವಿ ಆಗಲೇ ಮೇಡಂ ಕಡೆ ನೋಡುತ್ತಿದ್ದಳು.

ನಮ್ಮ ಕಡೆಯ ಸಂಪ್ರದಾಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಗಂಡ ಹೋದ ಹೆಂಗಸನ್ನು ಇಂಥ ಶುಭಕಾರ್ಯಕ್ಕೆ ಮುಂದೆ ಕರೆಯುವುದಿಲ್ಲ. ಮೇಡಂ ಅದನ್ನು ಯಾವತ್ತೂ ಬಾಯಿಬಿಟ್ಟು ಆಡಿಕೊಂಡವರಲ್ಲ. ಮದುವೆ, ನಾಮಕರಣಗಳಿಗೆ ಹೋದರೆ ಅಡುಗೆಯವರ ಹತ್ತಿರ ನಿಂತು ಎಲೆ ಎಣಿಸುತ್ತಿದ್ದರು, ಬಡಿಸುತ್ತಿದ್ದರು. ಅರಿಶಿನ ಕುಂಕುಮದ ತಟ್ಟೆ ಬರುವ ಹೊತ್ತಿಗೆ ಅವರಿಗೆ ಒಳಗೆಲ್ಲೋ ಕೆಲಸ ನೆನಪಾಗುತ್ತಿತ್ತು. ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ಸೆರಗಿಗೆ ಒಂದು ಹಿಡಿ ಅಕ್ಕಿ ಬಿದ್ದು ಎಷ್ಟು ಕಾಲವಾಗಿತ್ತೋ.

"ನಾನಾ? ಬೇಡಮ್ಮ, ನಾನು ಅಂಥದಕ್ಕೆಲ್ಲ ನಿಂತ್ಕೊಳ್ಳಲ್ಲ. ನಿನಗೆ ಗೊತ್ತಿಲ್ಲ" ಎಂದು ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ.

"ಗೊತ್ತು ಮೇಡಂ. ತೂಬಗೆರೆಗೂ ಇಲ್ಲಿಗೂ ಎಷ್ಟು ದೂರ? ಎಲ್ಲಾ ಗೊತ್ತು."

"ಮೊದಲ ಬಸುರಿ ಹುಡುಗಿ. ನಾಳೆ ಯಾರಾದ್ರೂ ಒಂದು ಮಾತು ಅಂದ್ರೆ?"

ಲಕ್ಷ್ಮೀದೇವಿ ಹಸಿರು ಸೀರೆಯನ್ನು ಕೈಗೆತ್ತಿಕೊಂಡಳು. "ನಮ್ಮ ಹುಡುಗಿ ಕೈಗೆ ಮುಟ್ಟಿಸೋರು ನೀವು. ಇಷ್ಟು ವರ್ಷದಿಂದ ಎಲ್ಲರ ಮನೇದೂ ಮುಟ್ಟಿಸ್ತಾ ಇದ್ದೀರಿ. ಇದನ್ನೂ ಮುಟ್ಟಿಸಿ ಮೇಡಂ" ಎಂದಳು.

ಫೋನಿನಿಂದ ಸವಿತಾಳ ದನಿ ಬಂತು. "ಮೇಡಂ, ನಿಮ್ಮ ಹೆಸರು ನಂಗೊತ್ತಿಲ್ಲ. ಸೆರಗು ಒಡ್ಡಿ ಮೇಡಂ, ಪ್ಲೀಸ್. ನಮ್ಮತ್ತಿಗೆ ಸುಮ್ಮನೆ ಯಾರನ್ನೂ ಕೇಳೋರಲ್ಲ."

ಮೇಡಂ ಕೈಗಳನ್ನು ಒರೆಸಿಕೊಂಡರು. ಆಮೇಲೆ ಸೆರಗನ್ನು ಮುಂದಕ್ಕೆ ತಂದು, ಎರಡೂ ಕೈಯಲ್ಲಿ ಒಡ್ಡಿ ನಿಂತರು. ಲಕ್ಷ್ಮೀದೇವಿ ಹಸಿರು ಸೀರೆಯನ್ನು ಅವರ ಭುಜದ ಮೇಲೆ ಹೊದಿಸಿ, ಫೋನನ್ನು ನನ್ನ ಕೈಗೆ ಕೊಟ್ಟಳು. ಅರಿಶಿನ ಹಚ್ಚಿದಳು, ಕುಂಕುಮ ಇಟ್ಟಳು. ಆ ಕಪ್ಪು ಬೊಟ್ಟಿನ ಮೇಲೆಯೇ ಇಟ್ಟಳು. ಬೊಗಸೆ ತುಂಬ ಅಕ್ಕಿ ತೆಗೆದು ಸೆರಗಿಗೆ ಸುರಿದಳು, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಇಟ್ಟಳು, ಮತ್ತೆ ಅಕ್ಕಿ ಸುರಿದಳು. ಸುರಿಯುವಾಗ ಅವಳು ನೋಡುತ್ತಿದ್ದುದು ಫೋನಿನ ಕಡೆ. ಸವಿತಾ ಅಲ್ಲಿ ತನ್ನ ಚೂಡಿದಾರದ ವೇಲನ್ನೇ ಹರಡಿ ಹಿಡಿದುಕೊಂಡು ಕೂತಿದ್ದಳು. ಫೋನು ಓರೆಯಾಗಿದೆ, ಚಿತ್ರ ಸರಿಯಾಗಿ ಕಾಣುತ್ತಿಲ್ಲ ಎಂದು ಯಾರೂ ಬಯ್ಯಲಿಲ್ಲ. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡಲಾರೆ.

ಮಡಿಲು ತುಂಬಿಸಿಕೊಂಡ ಹೆಣ್ಣುಮಗಳು ಅದರಲ್ಲಿ ಒಂದು ಹಿಡಿಯನ್ನು ತವರಿಗೆ ವಾಪಸು ಹಾಕಬೇಕು, ತವರು ಬರಿದಾಗಬಾರದೆಂದು. ಸವಿತಾ ಅದನ್ನು ಮರೆತಿರಲಿಲ್ಲ. "ಮೇಡಂ, ನನ್ನ ಹಿಡಿ ನೀವೇ ಹಾಕ್ಬಿಡಿ. ತವರು ತಣ್ಣಗಿರಲಿ ಅನ್ನಿ" ಎಂದಳು. ಮೇಡಂ ಒಂದು ಹಿಡಿ ತೆಗೆದು ಲಕ್ಷ್ಮೀದೇವಿಯ ಚೀಲಕ್ಕೆ ಹಾಕಿದರು. ತವರು ತಣ್ಣಗಿರಲಿ ಎಂದರು.

ಆಮೇಲೆ ನಾನು ಸೀರೆಯನ್ನು ಅವರ ಭುಜದಿಂದ ಎತ್ತಿ, ಜಾಡಿಸಿ, ಬೆಳಕಿಗೆ ಹಿಡಿದು, ಒಂದು ಕಾಳೂ ಇಲ್ಲವೆಂದು ನೋಡಿದೆ. ಬಳೆಗಳಿಗೆ ಹೊಸ ಹತ್ತಿ ತುಂಬಿ ಕಣದಲ್ಲಿ ಸುತ್ತಿದೆ. ಸೆರಗಿನ ಭಾಗ ಮೊದಲು ಕೈಗೆ ಸಿಗುವಂತೆ ಸೀರೆ ಮಡಿಸಿ ಎಲ್ಲದರ ಮೇಲಿಟ್ಟೆ. ಡಬ್ಬ ಸೀಮಂತಕ್ಕೆ ಮೊದಲೇ ತಲುಪಿತು. ಸವಿತಾ ಅದೇ ಸೀರೆ ಉಟ್ಟು, ಮಡಿಲಕ್ಕಿ ಆಗಿಹೋಗಿದೆ, ನಮ್ಮತ್ತಿಗೆ ಹಾಕಿದ್ದಾರೆ ಎಂದು ಎಲ್ಲರಿಗೂ ಹೇಳಿದಳಂತೆ. ಲಕ್ಷ್ಮೀದೇವಿ ಅದನ್ನು ಹೇಳಲೆಂದೇ ಒಂದು ದಿನ ಬಂದು ಹೋದಳು.

ರಮ್ಯಾ, ಟೇಪ್ ಸುತ್ತುವುದನ್ನು ನೀನು ಒಂದು ದಿನದಲ್ಲಿ ಕಲಿಯುತ್ತೀಯ. ಉಳಿದದ್ದನ್ನು ಕಲಿಸಲು ಸರೋಜಮ್ಮ ಮೇಡಂ ಅಂಥವರು ಒಬ್ಬರಾದರೂ ಸಿಗಲಿ ಎಂದು ಹಾರೈಸುತ್ತೇನೆ.

ಅಂದು ಲಕ್ಷ್ಮೀದೇವಿ, ಮುನಿರಾಜು ಹೋದ ಮೇಲೂ ಮೇಡಂ ಸೆರಗು ಹಿಡಿದುಕೊಂಡು ಹಾಗೆಯೇ ನಿಂತಿದ್ದರು. ಸ್ವಲ್ಪ ಹೊತ್ತು ಅಂಗಡಿ ನೋಡಿಕೋ, ಮನೆಗೆ ಹೋಗಿ ಬರುತ್ತೇನೆ ಎಂದರು. ನಟ್ಟನಡು ಮಧ್ಯಾಹ್ನ, ಹೊರಗೆ ಬಸ್ಸು, ಆಟೋ, ಜನ. ನಾನು ಮೇಜಿನ ಕೆಳಗಿನಿಂದ ಗಟ್ಟಿಯಾದ ಒಂದು ಕವರು ತೆಗೆದು ಬಾಯಿ ಅಗಲಿಸಿ ಹಿಡಿದೆ. ಮೇಡಂ ಅದನ್ನು ನೋಡಿದರು, ನನ್ನನ್ನು ನೋಡಿದರು. ಸೆರಗಿನ ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಮಡಿಲ ಕೆಳಗೆ ಕೈ ಕೊಟ್ಟು ಮೆಟ್ಟಿಲಿಳಿದರು.

"ಮಡಿಲಕ್ಕೀನ ಯಾರಾದ್ರೂ ಕವರಿಗೆ ಹಾಕ್ಕೊಂಡು ಹೋಗ್ತಾರೇನಯ್ಯಾ?" ಎಂದರು.